ಪರದೆಯ ಹಿಂದಿನ ಸೋದರಮಾವ

ತೊರೆನೂರಿನ ಸಣ್ಣಸ್ವಾಮಿಗೆ ಅನುಮಾನ ಯಾರೋ ಕಲಿಸಿಕೊಟ್ಟ ವಿದ್ಯೆಯಲ್ಲ, ಹುಟ್ಟಿನಿಂದಲೇ ಬಂದದ್ದು. ಶುಂಠಿ ವ್ಯಾಪಾರಿ ತಕ್ಕಡಿ ಇಳಿಸಿದ ಕೂಡಲೇ ಈತ ಬಗಲಿನ ಚೀಲದಿಂದ ಒಂದು ಕಲ್ಲು ತೆಗೆದು ಅದರ ಮೇಲಿಡುತ್ತಾನೆ. ಆ ಕಲ್ಲಿನ ತೂಕವನ್ನು ಕುಶಾಲನಗರದ ಎರಡು ಮೂರು ಅಂಗಡಿಗಳಲ್ಲಿ ತೂಗಿಸಿ ಖಾತ್ರಿ ಮಾಡಿಕೊಂಡಿದ್ದಾನೆ. ಅವರೆಲ್ಲ ಒಳಗೊಳಗೇ ಮಾತಾಡಿಕೊಂಡಿದ್ದರೆ ಎಂಬ ಯೋಚನೆ ಆಮೇಲೆ ಬಂದು, ಬಸ್ಸು ಹತ್ತಿ ಕೊಣನೂರಿಗೆ ಹೋಗಿ ಅಲ್ಲೂ ಒಂದು ಸಲ ತೂಗಿಸಿದ. ಬಸ್ಸಿನಲ್ಲಿ ಪಕ್ಕದವರು ನಕ್ಕರೆ ತನ್ನ ಅಂಗಿಯ ಬೆನ್ನು ತಡವಿ ನೋಡಿಕೊಳ್ಳುತ್ತಾನೆ. ಹಾಗಂತ ಕೆಟ್ಟವನೇ? ಅಯ್ಯೋ, ಖಂಡಿತ ಅಲ್ಲ. ಊರಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಸೌದೆ ಒಡೆಯಲು ನಿಲ್ಲುವವನು ಇವನೇ. ಸೌದೆ ಒಡೆಯುತ್ತಲೇ, ಹೋದವರು ನಿಜವಾಗಿ ಹೇಗೆ ಹೋದರು ಅಂತ ಬಂದವರನ್ನೆಲ್ಲ ಮೆಲ್ಲಗೆ ವಿಚಾರಿಸುತ್ತಾನೆ, ಅಷ್ಟೇ.

ಇಂಥವನ ಕೈಗೆ ಸ್ಮಾರ್ಟ್‌ಫೋನ್ ಬಂದರೆ ಏನಾಗಬೇಕೋ ಅದೇ ಆಯಿತು. ಮುಂದಿನ ಕ್ಯಾಮೆರಾದ ಮೇಲೆ ಕರೆಂಟಿನವರ ಕಪ್ಪು ಟೇಪು ಬಿತ್ತು. ಫೋನು ಆಗಾಗ 'ಅಪ್‌ಡೇಟ್ ಮಾಡಿ' ಎಂದು ಕೇಳುತ್ತಿತ್ತು. ಇವನು 'ಆಮೇಲೆ' ಎಂದು ಒತ್ತುತ್ತಿದ್ದ. ಅದು ಮತ್ತೆ ಕೇಳುತ್ತಿತ್ತು. ಕೇಳಿದಷ್ಟೂ ಇವನ ಅನುಮಾನ ಬಲಿಯಿತು. "ನಾನೂ ಕೇಳಿಲ್ಲ, ನೀನೂ ಕೇಳಿಲ್ಲ. ಬಿಟ್ಟಿ ಕೊಡ್ತೀನಿ ತಗೋ ಅಂತ ದಿನಾ ಬಂದು ಬಾಗ್ಲು ಬಡಿತಾವ್ರೆ ಅಂದ್ರೆ ಒಳಗೇನೋ ತೂರ್ಸಕ್ಕೇ ಕಣೆ," ಎಂದು ಹೆಂಡತಿ ಲಿಂಗಮ್ಮನಿಗೆ ವಿವರಿಸಿ, ಕೊನೆಗೆ ಯಾರನ್ನೋ ಹಿಡಿದು ಆ ಅಪ್‌ಡೇಟ್ ಎಂಬುದರ ಬಾಯನ್ನೇ ಮುಚ್ಚಿಸಿದ. ಲಿಂಗಮ್ಮನಿಗೆ ಬಟನ್ ಫೋನೇ ಗತಿ. ಮನೆಗೆ ಒಬ್ಬ ಕಳ್ಳ ಸಾಕು, ಎರಡನೆಯವನನ್ನೂ ಯಾಕೆ ಸಾಕಬೇಕು ಎನ್ನುವುದು ಇವನ ವಾದ.

ಈ ಮನುಷ್ಯ ಬದುಕಿನಲ್ಲಿ ಒಂದು ಚೂರೂ ಅನುಮಾನವಿಲ್ಲದೆ ಪ್ರೀತಿಸಿದ ಜೀವ ಒಂದೇ, ತಂಗಿಯ ಮಗಳು ಮಾನಸ. ತಂಗಿ ರಾಮಮ್ಮನನ್ನು ಕೂಡಿಗೆಗೆ ಕೊಟ್ಟಿತ್ತು. ಮಾನಸ ಇನ್ನೂ ಅಕ್ಷರ ಕಲಿಯದಿದ್ದಾಗಲೇ ರಾಮಮ್ಮನ ಗಂಡ ತೀರಿಕೊಂಡ. ಗಂಡನ ಅಣ್ಣ ಜವರಪ್ಪ ಪಾಲಿನ ಗದ್ದೆ ಬೇರೆ ಮಾಡಿ ಬೇಲಿ ಹಾಕಿಕೊಂಡವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಸಣ್ಣಸ್ವಾಮಿ, ಲಿಂಗಮ್ಮರಿಗೆ ಮಕ್ಕಳಿರಲಿಲ್ಲ. ಹುಡುಗಿಯನ್ನು ತೊರೆನೂರಿಗೇ ಕರೆತಂದರು. ಅವಳು ಓದಿದ್ದು ಅಲ್ಲಿನ ಶಾಲೆಯಲ್ಲಿ, ಬೆಳೆದದ್ದು ಮಾವನ ಹೆಗಲ ಮೇಲೆ. ಹೈಸ್ಕೂಲಿಗೆ ಅಮ್ಮನ ಹತ್ತಿರ ಹೋದ ದಿನ ಸಣ್ಣಸ್ವಾಮಿ ಕೊಟ್ಟಿಗೆಯ ಹಿಂದೆ ನಿಂತು ಅತ್ತಿದ್ದ. ಅವಳ ಮದುವೆಯಲ್ಲಿ ಸೋದರಮಾವನಾಗಿ ಹಣೆಗೆ ಬಾಸಿಂಗ ಕಟ್ಟಬೇಕು, ಕೈಹಿಡಿದು ಹಸೆಗೆ ಕರೆತರಬೇಕು. ಅದು ತನ್ನ ಹಕ್ಕು, ತನ್ನ ಆಸೆ, ಅದಾದ ಮೇಲೆ ಬದುಕು ಹೇಗಾದರೂ ಇರಲಿ ಎಂದು ಲಿಂಗಮ್ಮನ ಹತ್ತಿರ ಎಷ್ಟು ಸಲ ಹೇಳಿದ್ದಾನೋ.

ಗಂಡು ಕುಶಾಲನಗರದವನು, ನವೀನ್ ಅಂತ. ಕಕ್ಕಬೆ, ಮಡಿಕೇರಿ ಕಡೆಯ ಹೋಂಸ್ಟೇಗಳಿಗೆಲ್ಲ ವೆಬ್ ಪೇಜು ಮಾಡಿಕೊಡುವ ಕೆಲಸ. ಒಳ್ಳೆಯ ಹುಡುಗ. ಆದರೆ ಮಾತುಕತೆಯ ದಿನವೇ ಅವನೊಂದು ಬಾಂಬು ಹಾಕಿದ. ಕಾರ್ಡು ಅಚ್ಚು ಹಾಕಿಸುವುದು ಬೇಡ, ತಾನೇ ಫೋನಿನಲ್ಲಿ ಚಂದದ ಆಮಂತ್ರಣ ಮಾಡುತ್ತೇನೆ, ಲಿಂಕ್ ಕಳಿಸಿದರೆ ಆಯಿತು ಅಂದ. ಎಲ್ಲರೂ ಆಹಾ ಎಂದರು. ಸಣ್ಣಸ್ವಾಮಿಯ ಹುಬ್ಬು ಮೇಲೇರಿತು. ಮನೆಗೆ ಬರುವ ದಾರಿಯುದ್ದಕ್ಕೂ ಅದೇ ಮಾತು.

"ಅಚ್ಚಾಗಿದ್ದು ಅಚ್ಚಾಗಿದ್ದೇ ಕಣೆ. ಅದನ್ನ ಯಾವನೂ ತಿದ್ದಕ್ಕಾಗಲ್ಲ. ಫೋನಾಗಿರೋದು ಬೆಳಗ್ಗೆ ಒಂದು, ಸಂಜೆ ಇನ್ನೊಂದು. ಯಾಕ್ ಅಚ್ಚು ಬ್ಯಾಡ ಅಂದ ಅವ್ನು?"

"ಖರ್ಚು ಉಳೀಲಿ ಅಂತ ಇರ್ಬೋದು. ಎಲ್ಲದಕ್ಕೂ ಒಂದು ಕೊಕ್ಕೆ ಹುಡುಕ್ತೀರಲ್ಲ," ಅಂದಳು ಲಿಂಗಮ್ಮ.

ಲಿಂಕ್ ಬಂದದ್ದು ಒಂದು ಬೆಳಗ್ಗೆ, ರಾಮಮ್ಮನ ನಂಬರಿನಿಂದಲೇ. ಸಣ್ಣಸ್ವಾಮಿ ಜಗಲಿಯಲ್ಲಿ ಕೂತು ಕನ್ನಡಕ ಏರಿಸಿ ಬೆರಳಿಟ್ಟ. ತಿರುಗಿತು, ತಿರುಗಿತು, ಕೊನೆಗೆ ತೆರೆಯಿತು. ಮೇಲೆ ಗಣಪತಿ. ಗಣಪತಿಯ ಕೆಳಗೆ ಕುಂಕುಮ ಬಣ್ಣದ ದೊಡ್ಡದೊಂದು ಪಟ್ಟಿ, ಅದರಲ್ಲಿ ಒಂದಕ್ಷರವೂ ಇಲ್ಲ. ಅದರ ಕೆಳಗೆ ಮಾನಸ, ಇಂಥವರ ಮಗಳು. ನವೀನ್, ಇಂಥವರ ಮಗ. ಮುಹೂರ್ತ, ಛತ್ರ, ದಾರಿ ತೋರಿಸುವ ಮ್ಯಾಪು. ಎಲ್ಲಕ್ಕಿಂತ ಕೆಳಗೆ 'ತಮ್ಮ ಸುಖಾಗಮನ ಬಯಸುವವರು', ಮೊದಲನೆಯ ಹೆಸರು ಜವರಪ್ಪ ಮತ್ತು ಕುಟುಂಬ.

ಸಣ್ಣಸ್ವಾಮಿ ಕೆಳಗಿನಿಂದ ಮೇಲೆ ಓದಿದ, ಮೇಲಿನಿಂದ ಕೆಳಗೆ ಓದಿದ. ಅವನ ಹೆಸರು ಎಲ್ಲೂ ಇಲ್ಲ. ಕುಂಕುಮದ ಪಟ್ಟಿಯ ಮೇಲೆ ಬೆರಳಿಟ್ಟು ಉಜ್ಜಿದ. ಪಂಚೆಯ ತುದಿಯಿಂದ ಒರೆಸಿದ. ಏನೂ ಕಾಣಲಿಲ್ಲ. ಆಗ ಅವನಿಗೆ ಹೊಳೆದೇ ಹೊಳೆಯಿತು. ಅಚ್ಚಾದ ಕಾರ್ಡಿನಲ್ಲಿ ಒಂದು ಹೆಸರು ಬೇಡವೆನಿಸಿದರೆ ಅದರ ಮೇಲೆ ಬಣ್ಣದ ಚೀಟಿ ಅಂಟಿಸಿ ಮುಚ್ಚುತ್ತಾರಲ್ಲ, ಇದು ಅದೇ! ಯಾರದೋ ಹೆಸರಿತ್ತು. ಮುಚ್ಚಿದ್ದಾರೆ. ಯಾರದು ಅಂತ ಬೇರೆ ಹೇಳಬೇಕೇ?

"ಲೇ ಲಿಂಗಿ, ಬಾ ಇಲ್ಲಿ!" ಫೋನನ್ನು ಅವಳ ಕಡೆ ಚಾಚಿದ. "ನೋಡು. ಇಲ್ಲಿ ನನ್ ಹೆಸ್ರಿತ್ತು. ಮೇಲೆ ಪಟ್ಟಿ ಬಡ್ದವ್ರೆ. ಕೆಳಗೆ ನೋಡು, ಜವರಪ್ಪ ಕುಂತವ್ನೆ ರಾಜನ ಹಂಗೆ. ಗದ್ದೆ ಹೊಡ್ಕೊಂಡಿದ್ದು ಸಾಲ್ದು, ಈಗ ಮಗೀನೂ ಹೊಡ್ಕೊಂಡ."

ಲಿಂಗಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಗ್ಗಿ ನೋಡಿದಳು. ಅವಳಿಗೂ ಬರಿಯ ಪಟ್ಟಿಯೇ ಕಂಡಿತು. "ಬಣ್ಣಕ್ಕೆ ಹಾಕಿರ್ಬೋದಪ್ಪ. ಒಂದು ಫೋನ್ ಮಾಡಿ ರಾಮಿನ ಕೇಳ್ಬಾರ್ದಾ?"

"ಕೇಳಿದ್ರೆ ನಿಜ ಹೇಳ್ತಾಳಾ? ಯಾರಾದ್ರೂ ಮುಚ್ಚಿಟ್ಟೋರು ಮುಚ್ಚಿಟ್ಟಿದ್ದೀವಿ ಅಂತಾರಾ?"

ಫೋನ್ ಮಾಡಿ ಕೇಳಲಿಲ್ಲ, ಆದರೆ ಹೇಳಬೇಕಾದ್ದನ್ನು ಹೇಳದೆಯೂ ಬಿಡಲಿಲ್ಲ. ವಾಟ್ಸಾಪಿನ ಮೈಕು ಒತ್ತಿ ಹಿಡಿದು, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಾರಿದ. "ರಾಮಿ, ನಿನ್ ಮಗ್ಳು ಮದ್ವೆ ಕರೆಯೋಲೆ ನೋಡ್ದೆ. ಭಾಳ ಸಂತೋಷ ಆಯ್ತು ಕಣವ್ವ. ಹೆತ್ತೋರು ನೀವು, ಸಾಕಿದೋನು ಯಾವನೋ. ನಿನ್ ಭಾವನೇ ಬಾಸಿಂಗ ಕಟ್ಲಿ. ಆ ಛತ್ರದ ಮೆಟ್ಲು ನಾನು ತುಳಿಯಲ್ಲ. ನಂಗೆ ತಂಗಿ ಇದ್ಲು ಅನ್ನೋದನ್ನೇ ಮರ್ತುಬಿಡ್ತೀನಿ." ಬೆರಳು ಬಿಟ್ಟ. ಹೋಯಿತು. ಲಿಂಗಮ್ಮ ತಲೆಯ ಮೇಲೆ ಕೈಹೊತ್ತು ಕೂತಳು.

ರಾಮಮ್ಮನ ಫೋನು ಬಂತು. ಎತ್ತಲಿಲ್ಲ. ಜವರಪ್ಪ ಪಕ್ಕದಲ್ಲಿ ನಿಂತು ಹೇಳಿಕೊಡುತ್ತಿರುತ್ತಾನೆ, ಅವಳು ಗಿಣಿಪಾಠ ಒಪ್ಪಿಸುತ್ತಾಳೆ ಅಂತ ಲೆಕ್ಕ. ಮತ್ತೆ ಬಂತು, ಎತ್ತಲಿಲ್ಲ. ಸಂಜೆ ಮಾನಸಳ ಫೋನು ಬಂತು. ಪರದೆಯ ಮೇಲೆ ಅವಳ ಮುಖ ಬಂದು ಕುಣಿಯುವಾಗ ಬೆರಳು ತಾನಾಗಿ ಹತ್ತಿರ ಹೋಯಿತು. ಹುಡುಗಿಯನ್ನು ಮುಂದೆ ಬಿಟ್ಟು ಆಟ ಆಡುತ್ತಿದ್ದಾರೆ ಎಂದುಕೊಂಡು ಫೋನನ್ನು ಬೋರಲು ಹಾಕಿದ. ಆಮೇಲೆ ಯಾರೂ ಫೋನ್ ಮಾಡಲಿಲ್ಲ. ಮಾಡಿದರೆ ಅನುಮಾನ, ಮಾಡದಿದ್ದರೆ ಇನ್ನೂ ದೊಡ್ಡ ಅನುಮಾನ. "ನೋಡ್ದಾ? ತಪ್ಪಿಲ್ದಿದ್ರೆ ಇಷ್ಟಕ್ಕೇ ಸುಮ್ನಾಗ್ತಿದ್ರಾ?" ಎಂದು ಲಿಂಗಮ್ಮನಿಗೆ ಹೇಳಿದ. ಹೇಳುವಾಗ ಅನ್ನದ ತಟ್ಟೆ ಮುಟ್ಟದೆ ಹಾಗೇ ಇತ್ತು. ಬೈದು ಗೆದ್ದ ಮನುಷ್ಯನಿಗೆ ಅನ್ನ ಯಾಕೆ ಸೇರುವುದಿಲ್ಲವೋ, ಅದನ್ನು ಮಾತ್ರ ಅವನು ಅನುಮಾನಿಸಲಿಲ್ಲ.

ವಾರದ ಕೊನೆಗೆ ಅವನಿಗೆ ಇನ್ನೊಂದು ಭಯ ಹತ್ತಿತು. ಫೋನಿನಲ್ಲಿರುವುದನ್ನು ಬೆಳಗ್ಗೆ ಒಂದು, ಸಂಜೆ ಒಂದು ಮಾಡಬಹುದಲ್ಲ? ನಾಳೆ ನೆಂಟರ ಮುಂದೆ ತನ್ನ ಹೆಸರನ್ನು ಹಾಕಿ ತೋರಿಸಿ, ಈ ಸಣ್ಣಸ್ವಾಮಿಯೇ ಸುಳ್ಳ ಅಂದುಬಿಟ್ಟರೆ? ಸಾಕ್ಷಿ ಬೇಕು. ಆ ಪೇಜನ್ನು ಕಾಗದಕ್ಕೆ ಇಳಿಸಿ ಜೇಬಿನಲ್ಲಿಟ್ಟುಕೊಳ್ಳಬೇಕು. ಬೈಕು ಹತ್ತಿ ಸೀದಾ ಕುಶಾಲನಗರಕ್ಕೆ ಹೋದ. ಬಸ್‌ಸ್ಟ್ಯಾಂಡಿನ ಹಿಂದೆ ಲೋಕೇಶನ ಅಂಗಡಿ. ಮೊಬೈಲ್ ರಿಪೇರಿ, ಪ್ರಿಂಟು, ಜೆರಾಕ್ಸ್ ಎಲ್ಲ ಅಲ್ಲೇ. ಲೋಕೇಶ ಮಾತುಗಾರ. ನವೀನನ ಪರಿಚಯದವನು ಎಂಬುದು ಸಣ್ಣಸ್ವಾಮಿಗೆ ಗೊತ್ತಿದ್ದರೆ ಆ ಮೆಟ್ಟಿಲನ್ನೇ ಹತ್ತುತ್ತಿರಲಿಲ್ಲ.

"ಇದನ್ನ ಇದ್ದಂಗೇ ಪ್ರಿಂಟ್ ತೆಗ್ದು ಕೊಡು. ಈ ಕೆಂಪು ಪಟ್ಟಿ ಸರಿಯಾಗ್ ಕಾಣ್ಬೇಕು," ಎಂದು ಫೋನು ಚಾಚಿದ.

ಲೋಕೇಶ ನೋಡಿದವನೇ ನಗಲು ಶುರುಮಾಡಿದ. "ಏನ್ ಸ್ವಾಮಣ್ಣ, ಪರದೆ ಮುಚ್ಚಿರೋದನ್ನೇ ಪ್ರಿಂಟ್ ತೆಗಿಯೋದಾ? ಪರದೆ ಸರಿದಿಲ್ವಲ್ಲ ಇನ್ನೂ."

"ಯಾವ್ ಪರದೆ?"

"ನವೀನ ಇದನ್ನ ಮಾಡಿದ್ದೇ ಹಾಗೆ. ನಾಟಕದ ಪರದೆ ಥರ. ಬೆರಳಲ್ಲಿ ಮೇಲಕ್ಕೆ ತಳ್ಳಿದ ಹಾಗೆ ಅದು ಎರಡು ಕಡೆಗೂ ಸರೀತದೆ, ಒಳಗಿಂದ ಹೆಸರು ಬರ್ತದೆ. ಮಾಡಿದ ದಿನವೇ ನಂಗೂ ಕಳ್ಸಿದ್ದ, ಹೇಗಿದೆ ನೋಡು ಅಂತ. ನನ್ನ ಫೋನಲ್ಲಿ ತೆರೆದಿಟ್ಟಿದ್ದು ಹಾಗೇ ಇದೆ, ನಿಲ್ಲಿ." ಲೋಕೇಶ ತನ್ನ ಫೋನು ತೆಗೆದು ಮುಂದೆ ಹಿಡಿದ. ಗಣಪತಿಯ ಕೆಳಗೆ ಅದೇ ಕುಂಕುಮದ ಪಟ್ಟಿ. ಲೋಕೇಶ ಬೆರಳಿಂದ ತಳ್ಳಿದ. ಪಟ್ಟಿ ನಡುವೆ ಸೀಳಿ ಎಡಕ್ಕರ್ಧ ಬಲಕ್ಕರ್ಧ ಮೆಲ್ಲಗೆ ಸರಿಯಿತು. ಒಳಗೆ ಬಂಗಾರದ ಬಣ್ಣದಲ್ಲಿ ದೊಡ್ಡ ಅಕ್ಷರಗಳು:

'ವಧುವಿನ ಸೋದರಮಾವ ಶ್ರೀ ಸಣ್ಣಸ್ವಾಮಿ ಮತ್ತು ಶ್ರೀಮತಿ ಲಿಂಗಮ್ಮನವರು ಮಾಡುವ ವಿಜ್ಞಾಪನೆಗಳು.'

ಸಣ್ಣಸ್ವಾಮಿ ಓದಿದ. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದ. ವಿಜ್ಞಾಪನೆ ಮಾಡುವವರು ಎಂದರೆ ಮದುವೆಗೆ ಕರೆಯುವವರು. ಅದು ಅಪ್ಪನ ಜಾಗ. ತಂಗಿ ತನ್ನ ಹೆಸರನ್ನೂ ಅಲ್ಲಿ ಹಾಕಿಕೊಂಡಿರಲಿಲ್ಲ. ಅಪ್ಪನ ಜಾಗದಲ್ಲಿ ಅಣ್ಣನನ್ನು ಕೂರಿಸಿದ್ದಳು. ಅವನು ಪಕ್ಕದ ಸ್ಟೂಲು ಎಳೆದುಕೊಂಡು ಕೂತ.

"ನನ್ ಫೋನಾಗೆ ಯಾಕೆ..."

"ನಿಮ್ ಬ್ರೌಸರು ಯಾವ ಕಾಲದ್ದು ಅಂತ ನೋಡ್ತೀನಿ ತಡೀರಿ. ಅಯ್ಯಯ್ಯೋ, ಇದು ಮ್ಯೂಸಿಯಮ್ಮಿಗೆ ಕೊಡಬೇಕಾದ್ದು ಸ್ವಾಮಣ್ಣ!" ಲೋಕೇಶನಿಗೆ ಪಾಠ ಹೇಳುವ ಹುಮ್ಮಸ್ಸು ಬಂತು. "ಪೇಜು ಬರೆಯೋದಕ್ಕೆ ಅಂತ ನಿಯಮ ಇದೆ. ಬರೆಯೋನೂ ಅದನ್ನೇ ಪಾಲಿಸ್ಬೇಕು, ಓದಿ ತೋರಿಸೋ ಬ್ರೌಸರೂ ಅದನ್ನೇ ಪಾಲಿಸ್ಬೇಕು. ಆ ನಿಯಮಕ್ಕೆ ಹೊಸ ಹೊಸದು ಸೇರ್ತಾನೇ ಇರ್ತದೆ. ಪರದೆ ಈ ಥರ ಸರಿಸೋ ಸಾಲು ಈಚೆಗೆ ಬಂದಿದ್ದು. ಹೊಸ ಬ್ರೌಸರಿಗೆ ಅರ್ಥ ಆಗ್ತದೆ. ಹಳೇದಕ್ಕೆ ಆಗಲ್ಲ. ಅರ್ಥ ಆಗ್ಲಿಲ್ಲ ಅಂತ ಬಾಯಿಬಿಟ್ಟು ಹೇಳ್ತದಾ? ಅದೂ ಇಲ್ಲ. ಆ ಸಾಲು ದಾಟ್ಕೊಂಡು ಸುಮ್ನೆ ಮುಂದಕ್ಕೆ ಹೋಗ್ತದೆ. ಪರದೆ ಹಾಕು ಅನ್ನೋದು ಗೊತ್ತಾಯ್ತು, ಹಾಕ್ತು. ತೆಗಿ ಅನ್ನೋದು ಗೊತ್ತಾಗ್ಲಿಲ್ಲ, ತೆಗೀಲಿಲ್ಲ."

"ಕೆಳಗಿನ ಜವರಪ್ಪ ಹೆಂಗ್ ಕಂಡ ಮತ್ತೆ?"

"ಅದು ಬರೀ ಅಕ್ಷರ. ಅದಕ್ಕೆ ಯಾವ ಅಲಂಕಾರನೂ ಇಲ್ಲ, ಯಾವ ಓಬೀರಾಯನ ಕಾಲದ ಫೋನಲ್ಲೂ ಕಾಣ್ತದೆ. ನಿಮ್ಮ ಹೆಸರಿಗೆ ಮರ್ಯಾದೆ ಜಾಸ್ತಿ ಆಯ್ತು ನೋಡಿ, ಅದಕ್ಕೇ ಕಾಣ್ಲಿಲ್ಲ. ನವೀನನದೂ ತಪ್ಪಿದೆ ಬಿಡಿ. ಹಳೇ ಫೋನಿನೋರಿಗೆ ಪರದೆನೇ ಬರ್ದಂಗೆ ಇನ್ನೊಂದು ಸಾಲು ಬರೀಬೇಕಿತ್ತು. ತನ್ನ ಫೋನಲ್ಲಿ ಚೆನ್ನಾಗ್ ಬಂತಲ್ಲ ಅಂತ ಬಿಟ್ಬಿಟ್ಟಿದ್ದಾನೆ."

ಸಣ್ಣಸ್ವಾಮಿ ಜನ್ಮದಲ್ಲಿ ಹೇಳದ ಮಾತು ಹೇಳಿದ. "ಅಪ್‌ಡೇಟ್ ಮಾಡು."

"ನಿಜವಾಗ್ಲೂ?"

"ಮಾಡು ಅಂದ್ನಲ್ಲ! ನನ್ ಫೋನಾಗೇ ನೋಡ್ಬೇಕು ನಾನು. ಲಿಂಗಿಗೂ ತೋರಿಸ್ಬೇಕು."

ಲೋಕೇಶ ಬ್ರೌಸರಿಗೆ ಹೊಸ ಜೀವ ಕೊಟ್ಟು ಫೋನನ್ನು ಇವನ ಕೈಗಿಟ್ಟ. ಸಣ್ಣಸ್ವಾಮಿ ಲಿಂಕಿನ ಮೇಲೆ ತಾನೇ ಬೆರಳಿಟ್ಟ. ಗಣಪತಿ ಬಂದ, ಪಟ್ಟಿ ಬಂತು. ಮೇಲಕ್ಕೆ ತಳ್ಳಿದ. ಅಬ್ಬಾ, ಇವನ ಹಳೆಯ ಫೋನಿನಲ್ಲೂ ಪರದೆ ಬೆಣ್ಣೆಯ ಹಾಗೆ ಸರಿಯಿತು! ಒಳಗೆ ಬಂಗಾರದ ಅಕ್ಷರ ಇತ್ತು. 'ಶ್ರೀಮತಿ ರಾಮಮ್ಮನವರು ಮಾಡುವ ವಿಜ್ಞಾಪನೆಗಳು.' ಅಷ್ಟೇ.

"ಏಯ್!" ಸಣ್ಣಸ್ವಾಮಿ ಸ್ಟೂಲಿನಿಂದ ಎದ್ದೇಬಿಟ್ಟ. "ಏನ್ ಮಾಡ್ದೆ ನೀನು? ನೋಡ್ದಾ, ಇದಕ್ಕೇ ನಾನು ಅಪ್‌ಡೇಟ್ ಬ್ಯಾಡ ಅಂತಿದ್ದಿದ್ದು! ಅಪ್‌ಡೇಟ್ ಮಾಡಿದ್ದಕ್ಕೇ ಹೆಸ್ರು ಹೋಯ್ತು!"

"ಅಪ್‌ಡೇಟಿಗೂ ಅದಕ್ಕೂ ಸಂಬಂಧ ಇಲ್ಲ ಸ್ವಾಮಣ್ಣ." ಲೋಕೇಶನಿಗೂ ಗಾಬರಿ. ತನ್ನ ಫೋನಿನ ಪೇಜನ್ನು ಮೇಲಿನಿಂದ ಎಳೆದು ಹೊಸದಾಗಿ ತರಿಸಿದ. ಪರದೆ ಸರಿಯಿತು. ಅಲ್ಲೂ ರಾಮಮ್ಮ ಒಬ್ಬಳೇ. ಅವನ ನಗು ನಿಂತುಹೋಯಿತು. "ನನ್ನಲ್ಲಿದ್ದಿದ್ದು ಅವತ್ತು ತೆರೆದಿಟ್ಟಿದ್ದು. ಈಗ ಇರೋದು ಇದು. ನಡುವೆ ಯಾರೋ ತೆಗ್ಸಿದ್ದಾರೆ. ಯಾಕೆ, ಏನಾಯ್ತು?"

ಮೈಕು ಒತ್ತಿ ಹಿಡಿದು ತಾನು ಆಡಿದ ಒಂದೊಂದು ಮಾತೂ ಸಣ್ಣಸ್ವಾಮಿಯ ಕಿವಿಯಲ್ಲಿ ತಿರುಗಿ ಬರುತ್ತಿತ್ತು. ಪ್ರಿಂಟೂ ಬೇಡ, ಏನೂ ಬೇಡ ಎಂದು ಎದ್ದುಬಂದ. ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

ಬೈಕು ತೊರೆನೂರಿನ ಕಡೆ ಹೋಗದೆ ಕೂಡಿಗೆಯಲ್ಲೇ ನಿಂತಿತು. ರಾಮಮ್ಮ ಅಂಗಳದಲ್ಲಿ ಕೂತು ಹಪ್ಪಳ ಹರಡುತ್ತಿದ್ದಳು. ಅಣ್ಣನನ್ನು ನೋಡಿ ಏಳಲಿಲ್ಲ. ತಂಗಿ ಎದ್ದು ಚೊಂಬಿನಲ್ಲಿ ನೀರು ಕೊಡದಿದ್ದದ್ದು ಅವಳ ಮದುವೆಯಾದ ಮೇಲೆ ಇದೇ ಮೊದಲು.

"ರಾಮಿ, ನಂಗೆ ಕಂಡಿರ್ಲಿಲ್ಲ ಕಣೆ. ನನ್ ಫೋನಾಗೆ ಪರದೆ ತೆಗೀಲೇ ಇಲ್ಲ. ಬ್ರೌಸರು ಹಳೇದಂತೆ. ಈಗ ಲೋಕೇಶನ ಹತ್ರ ನೋಡ್ದೆ."

"ಹೆಸ್ರು ಕಾಣ್ಲಿಲ್ಲ, ಸರಿ. ನನ್ ಫೋನು ಬಂದಿದ್ದು ಕಾಣ್ಲಿಲ್ವಾ? ಮಾನಸನ ಫೋನು?" ರಾಮಮ್ಮ ಹಪ್ಪಳದಿಂದ ಕಣ್ಣೆತ್ತಲಿಲ್ಲ. "ಏನಾಯ್ತು ರಾಮಿ ಅಂತ ಒಂದು ಮಾತು ಕೇಳಿದ್ರೆ ನಿನ್ ಗಂಟೇನ್ ಹೋಗ್ತಿತ್ತು? ಆ ಜವರಪ್ಪನ ಹೆಸ್ರು ಹಾಕ್ಸಿದ್ದೇ ನಿನ್ ಮಾತಿಂದ. ಹಾಕ್ದಿದ್ರೆ ಊರು ಆಡ್ಕೊಂತದೆ, ಕೆಳಗೆಲ್ಲಾದ್ರೂ ಹಾಕು ಅಂತ ನೀನೇ ಅಂದಿರ್ಲಿಲ್ವಾ?"

ಅಂದಿದ್ದ. ಈಗ ನೆನಪಾಯಿತು.

"ತಂಗಿನೇ ಇಲ್ಲ ಅಂದೆಯಲ್ಲ. ಆ ಮಾತನ್ನ ಫೋನಾಗೆ ಹಾಕ್ಕೊಂಡು ಮಾನಸ ಮೂರು ಸಲ ಕೇಳಿದ್ಲು. ಮಾವ ಬರಲ್ಲ ಅಂದ್ರೆ ಅವರ ಹೆಸ್ರಲ್ಲಿ ಜನಾನ ಹೆಂಗ್ ಕರ್ಯೋದವ್ವ ಅಂದ್ಲು. ಅಳಿಯನಿಗೆ ಫೋನ್ ಮಾಡಿ ತೆಗಿಯಪ್ಪ ಅಂದೆ. ಯಾಕತ್ತೆ ಅಂದ. ಏನಂತ ಹೇಳ್ಲಿ? ನಾಚ್ಕೆ ಆಯ್ತು."

"ನಾನು ಹೇಳ್ತೀನಿ ಅವ್ನಿಗೆ. ಮತ್ತೆ ಹಾಕ್ಸು."

"ಬ್ಯಾಡ." ರಾಮಮ್ಮ ಈಗ ತಲೆ ಎತ್ತಿದಳು. ಕಣ್ಣು ಕೆಂಪಾಗಿತ್ತು, ಧ್ವನಿ ಮಾತ್ರ ಗಟ್ಟಿಯಾಗಿತ್ತು. "ಹಾಕು ಅಂದೆ, ಹಾಕಿದ್ರು. ತೆಗಿ ಅಂದೆ, ತೆಗೆದ್ರು. ಈಗ ಮತ್ತೆ ಹಾಕು ಅಂದ್ರೆ ಬೀಗ್ರು ಏನಂದ್ಕೊಂಡಾರು? ಇವರ ಮನೇಲಿ ದಿನಕ್ಕೊಂದು ಅಂತಾರೆ. ನನ್ ಮಗ್ಳು ನಾಳೆ ಅಲ್ಲಿ ಬಾಳ್ಬೇಕು. ನಿನ್ ಫೋನಾಗೆ ಹೆಂಗ್ ಕಾಣ್ತಿತ್ತೋ ಈಗ ಎಲ್ರ ಫೋನಾಗೂ ಹಂಗೇ ಕಾಣ್ತದೆ. ಇರ್ಲಿ ಬಿಡು."

"ಬಾಸಿಂಗ?"

"ಚಿಕ್ಕಪ್ಪನ ಮಗನಿಗೆ ಹೇಳಿದ್ದೀನಿ. ಸೋದರಮಾವನ ಸಾಲಲ್ಲಿ ಅವನೂ ಬರ್ತಾನೆ. ಒಪ್ಪವ್ನೆ." ಇನ್ನೊಂದು ಹಪ್ಪಳ ಹರಡಿ, "ಬರೋದಾದ್ರೆ ಬಾ. ಬರ್ಬ್ಯಾಡ ಅನ್ನಕ್ಕೆ ನಾನ್ಯಾರು," ಎಂದಳು. ಒಳಗಿಂದ ಮಾನಸ ಬರುತ್ತಾಳೇನೋ ಎಂದು ಸಣ್ಣಸ್ವಾಮಿ ಬಾಗಿಲನ್ನೇ ನೋಡುತ್ತ ನಿಂತ. ಬರಲಿಲ್ಲ.

ಮದುವೆಯ ದಿನ ಅವನು ಹೋಗುವುದಿಲ್ಲ ಎಂದೇ ಲಿಂಗಮ್ಮ ಅಂದುಕೊಂಡಿದ್ದಳು. ಮಾನ ಹೋಗುವ ಕಡೆ ಕಾಲಿಡುವ ಆಸಾಮಿಯಲ್ಲ ಅವನು. ಆದರೆ ಬೆಳಗ್ಗೆ ಎದ್ದು ನೋಡಿದರೆ ಸ್ನಾನ ಮಾಡಿ, ಬಿಳಿ ಅಂಗಿ ಬಿಳಿ ಪಂಚೆ ಉಟ್ಟು, ಹೆಗಲಿಗೆ ಶಲ್ಯ ಹಾಕಿಕೊಂಡು ನಿಂತಿದ್ದ. "ನಡಿ, ಹೊತ್ತಾಗ್ತದೆ," ಅಂದ. ಲಿಂಗಮ್ಮನಿಗೆ ಅಯ್ಯೋ ಅನ್ನಿಸಿತು. ಬೇಗ ಬೇಗ ಸೀರೆ ಉಟ್ಟು ಹೊರಟಳು.

ಛತ್ರದಲ್ಲಿ ಅವನಿಗೆ ಜಾಗ ಯಾವುದು ಎಂದೇ ಗೊತ್ತಾಗಲಿಲ್ಲ. ಬಾಗಿಲಲ್ಲಿ ನಿಂತು ಬಂದವರನ್ನು ಕರೆಯುವ ಹಾಗಿಲ್ಲ, ಕರೆಯುವವನು ತಾನಲ್ಲ. ಹೋಗಿ ನೆಂಟರ ಕುರ್ಚಿಯಲ್ಲಿ ಕೂರುವ ಹಾಗೂ ಇಲ್ಲ, ತಾನು ಬರಿಯ ನೆಂಟನಲ್ಲ. ಕೊನೆಗೆ ಮಂಟಪಕ್ಕೂ ಅಡುಗೆಮನೆಗೂ ನಡುವಿನ ಕಂಬಕ್ಕೆ ಒರಗಿ ನಿಂತ. ಜನ ಇವನನ್ನು ನೋಡುತ್ತಿದ್ದರು. ಇಷ್ಟು ವರ್ಷ ಇವನು ಎಲ್ಲರನ್ನೂ ನೋಡಿದ ಹಾಗೆಯೇ, ಕಣ್ಣು ಸಣ್ಣದು ಮಾಡಿ, ಏನೋ ಇದೆ ಎನ್ನುವ ಹಾಗೆ. ಸೋದರಮಾವನ ಹೆಸರು ಆಮಂತ್ರಣದಲ್ಲಿಲ್ಲ ಅಂದರೆ ಸುಮ್ಮನೆ ಬಿಡುವ ಜನವೇ? ಒಬ್ಬರು ಗದ್ದೆ ಅಂದರು, ಒಬ್ಬರು ಒಡವೆ ಅಂದರು, ಒಬ್ಬರು ಹುಡುಗಿಗೇ ಮಾವನನ್ನು ಕಂಡರೆ ಆಗದು ಅಂದರು. ಪಿಸುಮಾತೆಲ್ಲ ಇವನ ಕಿವಿಗೆ ಬೀಳುತ್ತಿತ್ತು.

ಪಿಸುಮಾತಿನ ಗೋಜಿಗೆ ಹೋಗದವಳು ಇವನ ಸೋದರತ್ತೆ ಸಿದ್ದಮ್ಮ. ಅರಕಲಗೂಡಿನಿಂದ ಬಂದಿದ್ದಳು, ವಯಸ್ಸಾದರೂ ಗಂಟಲು ಮಾತ್ರ ಮೈಕಿನಂಥದು. ಫೋನನ್ನು ಮೂಗಿನ ಮುಂದೆ ಹಿಡಿದುಕೊಂಡೇ ಬಂದು ಕಂಬದ ಹತ್ತಿರ ನಿಂತಳು.

"ಏನ್ಲಾ ಸಣ್ಣ, ನಾನೂ ಅವತ್ತಿಂದ ಹುಡುಕ್ತಾ ಇವ್ನಿ, ಇದ್ರಾಗೆ ನಿನ್ ಹೆಸ್ರೇ ಇಲ್ವಲ್ಲೋ! ರಾಮಿ ಒಬ್ಳೇ ಕರೆದವ್ಳೆ. ಸಾಕಿದ ಅಣ್ಣನ್ನ ಬಿಟ್ಟು ಕರ್ಯೋವಷ್ಟು ಕೊಬ್ಬು ಬಂತಾ ಅವ್ಳಿಗೆ?"

ಸಾಲುಸಾಲು ಕುರ್ಚಿಗಳಲ್ಲಿ ಬೀಗರ ಕಡೆಯವರು. ಎಲ್ಲರ ಕಿವಿಯೂ ಈ ಕಡೆಗೇ. ಆ ಪ್ರಶ್ನೆಗೆ ಹೌದು ಎಂದರೂ ಸಾಕು, ತಲೆ ತಗ್ಗಿಸಿದರೂ ಸಾಕು, ರಾಮಮ್ಮ ಕೆಟ್ಟವಳಾಗುತ್ತಾಳೆ. ಇವನು ಬೈದದ್ದು ಯಾರಿಗೂ ಗೊತ್ತಿಲ್ಲ, ಅವಳು ತೆಗೆಸಿದ್ದು ಮಾತ್ರ ಎಲ್ಲರಿಗೂ ಕಾಣುತ್ತಿದೆ. ಸಣ್ಣಸ್ವಾಮಿ ಸಿದ್ದಮ್ಮನ ಕೈಯಿಂದ ಫೋನು ಇಸಿದುಕೊಂಡ. ಥಳಥಳ ಹೊಳೆಯುವ ದೊಡ್ಡ ಫೋನು. ಅದನ್ನು ಹಿಂದೆ ಮುಂದೆ ತಿರುಗಿಸಿ ಪರೀಕ್ಷೆ ಮಾಡುವವನ ಹಾಗೆ ನೋಡಿದ.

"ನಿನ್ ಬ್ರೌಸರು ಹಳೇದು ಕಣತ್ತೆ," ಅಂದ, ಬೀಗರಿಗೂ ಕೇಳಿಸುವ ಹಾಗೆ.

"ಹಳೇದಾ? ಮೊಮ್ಮಗ ಮೊನ್ನೆ ದಸರಾಗೆ ತಂದ್ಕೊಟ್ಟಿದ್ದು!"

"ಫೋನು ಹೊಸದಿರ್ಬೋದು. ಪೇಜು ತೋರಿಸೋದು ಬ್ರೌಸರು. ಅದನ್ನ ಅಪ್‌ಡೇಟ್ ಮಾಡು ಅಂದಾಗ ನೀನು ಆಮೇಲೆ ಅಂತ ಒತ್ತಿದ್ದೀಯ. ಹಂಗಾದ್ರೆ ಅದಕ್ಕೆ ಹೊಸ ನಿಯಮ ಗೊತ್ತಾಗಲ್ಲ. ಗೊತ್ತಾಗ್ದಿದ್ದನ್ನ ದಾಟ್ಕೊಂಡು ಹೋಗ್ಬುಡ್ತದೆ, ಕೆಲವರ ಹೆಸ್ರು ಕಾಣಲ್ಲ. ನನ್ ತಂಗಿ ನನ್ ಹೆಸ್ರು ಎಲ್ರಿಗಿಂತ ಮೇಲೆ ಹಾಕ್ಸವ್ಳೆ, ಅಪ್ಪನ ಜಾಗದಾಗೆ. ಬಂಗಾರದ ಅಕ್ಷರ. ನನ್ ಕಣ್ಣಾರೆ ನೋಡಿವ್ನಿ."

ಸಿದ್ದಮ್ಮ ಬಿಡುವ ಪೈಕಿಯಲ್ಲ, ಅವಳೂ ಅದೇ ವಂಶದವಳು. ಕಣ್ಣು ಕಿರಿದು ಮಾಡಿದಳು. "ಎಲ್ಲಿ, ನಿನ್ ಫೋನು ತೆಗಿ. ತೋರ್ಸು ನೋಡಣ."

ಸಣ್ಣಸ್ವಾಮಿಯ ಕೈ ಜೇಬಿನ ಮೇಲೆ ಹೋಗಿ ಅಲ್ಲೇ ನಿಂತಿತು. ಚಾರ್ಜಿಲ್ಲ ಎನ್ನಲೇ, ಮನೆಯಲ್ಲಿ ಬಿಟ್ಟುಬಂದೆ ಎನ್ನಲೇ ಎಂದು ತಡಕಾಡುತ್ತಿರುವಾಗ ಬೆನ್ನ ಹಿಂದಿನಿಂದ ಮಾತು ಬಂತು.

"ಹೌದತ್ತೆ. ನನ್ ಫೋನಾಗೂ ಕಾಣ್ತದೆ."

ರಾಮಮ್ಮ. ಯಾವಾಗ ಬಂದು ನಿಂತಿದ್ದಳೋ. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಅಕ್ಷತೆ, ಬಾಸಿಂಗ. ಅವಳು ಸಿದ್ದಮ್ಮನನ್ನು ನೋಡಲಿಲ್ಲ, ಅಣ್ಣನನ್ನೇ ನೋಡುತ್ತಿದ್ದಳು. ತಟ್ಟೆಯನ್ನು ಅವನ ಕೈಗೆ ಕೊಟ್ಟಳು.

"ಮಾನಸ ಒಳಗೆ ಕುಂತವ್ಳೆ. ಮಾವ ಬರೋ ತಂಕ ಹಣೆ ಕೊಡಲ್ಲ ಅಂತಾವ್ಳೆ," ಅಂದಳು. "ಬಾಣ್ಣ, ಹೊತ್ತಾಯ್ತು."